ಮಾರ್ಚ್ ಇಪ್ಪತ್ತೆರಡರ ಬೋರ್ಡು

ತಾಯಲೂರಿನಿಂದ ಒಳದಾರಿಯಲ್ಲಿ ನಾಲ್ಕು ಮೈಲಿ ಹೋದರೆ ಸಿಗುವ ಆ ಊರಿಗೆ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಬಾರದೆ ಇದ್ದದ್ದರಿಂದಲೇ ಸುನಂದಳ ಬೋರ್ಡಿಗೆ ಓದುಗರು ಹುಟ್ಟಿಕೊಂಡರು ಅನ್ನಬೇಕು. ಬಸ್ ಸ್ಟಾಪಿಗೆ ಅಂಟಿಕೊಂಡೇ ಪಂಚಾಯ್ತಿಯ ಗ್ರಂಥಾಲಯವಿದೆ, ಅದರ ಹೊರಗೋಡೆಯ ಮೇಲೆ ಒಂದು ಕರಿಹಲಗೆ. ಗ್ರಂಥಾಲಯದ ಮೇಲ್ವಿಚಾರಕಿಯಾದ ಸುನಂದ ಹದಿನಾರು ವರ್ಷದಿಂದ ಬೆಳಿಗ್ಗೆ ಬೀಗ ತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ‘ಚರಿತ್ರೆಯಲ್ಲಿ ಈ ದಿನ’ ಎಂದು ಬರೆದು, ಆ ತಾರೀಕಿನಂದು ಲೋಕದಲ್ಲಿ ಏನೇನು ನಡೆಯಿತು ಎಂಬುದನ್ನು ಕೆಳಗೆ ಬರೆಯುವುದು. ಮುಳಬಾಗಿಲಿನ ಬಸ್ಸಿಗೆ ಕಾಯುವವರು ಅದನ್ನು ಓದುತ್ತಾರೆ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಯಾವ ಊರಿಗೂ ಹೋಗುವುದಿಲ್ಲದಿದ್ದರೂ ದಿನಾ ಬಂದು ಕೂರುವ ಮುದುಕ ಆವಲಪ್ಪ ಮಾತ್ರ ಓದುವ ಮೊದಲೇ ಕೂಗುತ್ತಾನೆ: “ಏನ್ ಸುನಂದಮ್ಮ, ಇವತ್ತು ಯಾರು ಹುಟ್ಟಿದ್ರು, ಯಾರು ಹೋದ್ರು?”

ಇದಕ್ಕೆಲ್ಲ ಆಧಾರ ಸುನಂದಳ ಮೇಜಿನ ಖಾನೆಯಲ್ಲಿರುವ ದಪ್ಪ ನೋಟ್‌ಬುಕ್ಕು. ತಾರೀಕಿಗೊಂದರಂತೆ ಮುನ್ನೂರ ಅರವತ್ತಾರು ಪುಟ. ಪುಸ್ತಕದಲ್ಲೋ ಪೇಪರಿನಲ್ಲೋ ಅಚ್ಚಾಗದ ಯಾವ ಸಂಗತಿಯೂ ಬೋರ್ಡಿಗೆ ಬರಕೂಡದು ಎಂಬುದು ಅವಳ ಹಟ. ಒಮ್ಮೆ ಪಂಚಾಯ್ತಿಯ ಮೆಂಬರೊಬ್ಬ ತನ್ನ ಹುಟ್ಟುಹಬ್ಬದ್ದೂ ಒಂದು ಸಾಲು ಸೇರಿಸು ಎಂದು ಹಲ್ಲು ಕಿರಿದಾಗ, “ಚರಿತ್ರೆಗೆ ಇನ್ನೂ ನಿಮ್ಮ ವಿಷಯ ಗೊತ್ತಾಗಿಲ್ಲ ಸಾರ್” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದಳು. ಹೆಂಗಸು ಗಟ್ಟಿ, ಎಂದು ಊರು ಮಾತಾಡಿಕೊಂಡಿತು. ಗಟ್ಟಿ ಎಷ್ಟು ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು.

ಮಾರ್ಚ್ ಇಪ್ಪತ್ತೆರಡು ಆ ನೋಟ್‌ಬುಕ್ಕಿನಲ್ಲಿ ಬಡ ಪುಟವೇನಲ್ಲ. 1739ರಲ್ಲಿ ಆ ದಿನ ದೆಹಲಿಯಲ್ಲಿ ನಾದಿರ್ ಷಾನ ಸೈನಿಕರು ಬೀದಿ ಬೀದಿಯಲ್ಲಿ ಜನರನ್ನು ಕಡಿದು ಹಾಕಿದರು. ಸತ್ತವರು ಸಾವಿರ ಸಾವಿರ, ಸುನಂದಳ ಪುಟದಲ್ಲಿ ಅವರಲ್ಲಿ ಒಬ್ಬರ ಹೆಸರೂ ಇಲ್ಲ. 1957ರಲ್ಲಿ ಅದೇ ದಿನ, ದೇಶಕ್ಕೆಲ್ಲ ಒಂದು ಪಂಚಾಂಗ ಇರಲಿ ಎಂದು ಸರ್ಕಾರ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಿತು. 1993ರಿಂದ ಅದು ವಿಶ್ವ ಜಲ ದಿನ. 2020ರಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡು ಕೂತ ಜನತಾ ಕರ್ಫ್ಯೂ ಕೂಡ ಅದೇ ತಾರೀಕು. ಇಷ್ಟೆಲ್ಲ ಇದ್ದೂ ಮೂರು ವರ್ಷದಿಂದ ಆ ದಿನ ಬೋರ್ಡು ಖಾಲಿ. ಸುನಂದ ಅವತ್ತು ರಜೆ ಹಾಕುತ್ತಾಳೆ. ತಲೆನೋವು ಎಂದು ಬರೆದು ಕೊಡುತ್ತಾಳೆ, ಅದೇನೂ ಸುಳ್ಳಲ್ಲ.

ನಾಲ್ಕು ವರ್ಷದ ಕೆಳಗೆ ಆ ದಿನ ಊರ ಕೆರೆಯಲ್ಲಿ ಇಬ್ಬರು ಹುಡುಗರು ಮುಳುಗಿದರು. ಒಬ್ಬ ಹಿಪ್ಪುನೇರಳೆ ಬೆಳೆಯುವ ಭಾರತಮ್ಮನ ಮಗ ಗೋಪಿ, ಹತ್ತೊಂಬತ್ತು ವರ್ಷ, ಮುಳಬಾಗಿಲಿನಲ್ಲಿ ಡಿಗ್ರಿ ಓದುತ್ತಿದ್ದ. ಇನ್ನೊಬ್ಬ ಫರ್ಹಾದ್, ಇಪ್ಪತ್ತು, ಶ್ರೀನಿವಾಸಪುರದ ಮಂಡಿಗೆ ಮಾವು ಹಾಕುವ ಅಬ್ದುಲ್ ಖಾದರ್ ಸಾಹೇಬರ ಮಗ. ಅವನ ತಾಯಿ ಶಹರ್ ಬಾನು ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳು. ಸುನಂದಳ ಜೊತೆ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಕಲಿತವಳು.

ಆ ಕೆರೆಯ ವಿಷಯ ಹೇಳಬೇಕು. ಗೋಪಿ, ಫರ್ಹಾದ್ ಹುಟ್ಟಿದಾಗಿನಿಂದ ಅದರಲ್ಲಿ ನೀರೇ ಇರಲಿಲ್ಲ. ಅವರಿಗೆ ಅದು ಕ್ರಿಕೆಟ್ ಮೈದಾನ. ಪಿಚ್ ಎಲ್ಲಿ, ಬೌಂಡರಿ ಎಲ್ಲಿ, ಜಾಲಿಗಿಡ ಎಲ್ಲಿ ಎಂಬುದು ಕಣ್ಣು ಮುಚ್ಚಿಕೊಂಡರೂ ಗೊತ್ತು. ಅವರು ಮುಳುಗುವುದಕ್ಕೆ ಹಿಂದಿನ ವರ್ಷದ ಬೇಸಿಗೆಯಲ್ಲಿ ಯಾರೋ ಲಾರಿಯವರು ಬಂದು, ಇಟ್ಟಿಗೆಗೆಂದು ಕೆರೆಯ ಮಣ್ಣನ್ನು ಅಲ್ಲಲ್ಲಿ ಆಳುದ್ದ ತೋಡಿಕೊಂಡು ಹೋಗಿದ್ದರು. ಆಮೇಲೆ ಕಾರ್ತಿಕದಲ್ಲಿ ಯಾರೂ ಕಂಡರಿಯದ ಮಳೆ ಸುರಿದು ಕೆರೆ ಕೋಡಿ ಬಿತ್ತು. ಊರು ಕುಣಿಯಿತು. ಈಜು ಮಾತ್ರ ಆ ಪ್ರಾಯದವರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನೀರೇ ಇಲ್ಲದ ಕಡೆ ಯಾರು ಯಾರಿಗೆ ಈಜು ಕಲಿಸಿಯಾರು?

ಆ ಬೆಳಿಗ್ಗೆ ಇಬ್ಬರೂ ಎಂದಿನಂತೆ ಪೇಪರ್ ಓದಲು ಬಂದಿದ್ದರು. ಜಲ ದಿನಕ್ಕೆ ತುಂಬಿದ ಕೆರೆಯ ಫೋಟೋ ಹತ್ತು ಗಂಟೆಯೊಳಗೆ ಗ್ರೂಪಿಗೆ ಹಾಕಿ ಎಂದು ಮೇಲಿನಿಂದ ಸುನಂದಳ ಫೋನಿಗೆ ಮೆಸೇಜು ಬಂದಿತ್ತು. “ಏನ್ರಪ್ಪ, ಹೋಗಿ ಒಂದು ಫೋಟೋ ತೆಗೆದು ಕಳ್ಸಿ” ಅಂದಳು. ಹುಡುಗರು ಹೋದರು. ಏರಿಯ ಮೇಲಿಂದ ತೆಗೆದ ಫೋಟೋ ಒಂಬತ್ತು ಹನ್ನೆರಡಕ್ಕೆ ಬಂತು. ಅದರಲ್ಲಿ ನೀರು ದೂರದಲ್ಲಿ ಒಂದು ಗೆರೆಯ ಹಾಗೆ ಕಾಣುತ್ತಿತ್ತು. ಸುನಂದ ಒಂಬತ್ತು ಹದಿಮೂರಕ್ಕೆ ಮೂರು ಪದ ಬರೆದು ಕಳಿಸಿದಳು: ‘ಇನ್ನೂ ಹತ್ತಿರದಿಂದ ತೆಗೀರಿ.’

ಆಮೇಲೆ ಫೋಟೋ ಬರಲಿಲ್ಲ. ಹನ್ನೊಂದಕ್ಕೆ ಊರೇ ಕೆರೆಯ ಕಡೆ ಓಡಿತು. ಗೊತ್ತಿದ್ದ ಪಿಚ್ಚಿನ ಮೇಲೆ ಮೊಣಕಾಲು ನೀರಿನಲ್ಲಿ ನಡೆದುಕೊಂಡು ಹೋದವರು, ಗೊತ್ತಿಲ್ಲದ ಗುಂಡಿಗೆ ಇಳಿದಿದ್ದರು. ಯಾರು ಮೊದಲು ಹೋದ, ಯಾರು ಕೈ ಕೊಡಲು ಹೋದ ಎಂಬುದನ್ನು ನೋಡಿದವರಿಲ್ಲ. ಫೋನು ಕೆಸರಿನಲ್ಲಿ ಸಿಕ್ಕಿತು, ಹಾಳಾಗಿತ್ತು. ಈಜಲು ಹೋಗಿ ಸತ್ತರು ಎಂದು ಪೊಲೀಸರು ಬರೆದುಕೊಂಡರು. ಸುನಂದ ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡಳು. ಹನ್ನೊಂದನೇ ದಿನವಾಯಿತು, ನಲವತ್ತನೇ ದಿನವಾಯಿತು. ಮಾಲೂರಿನ ಫ್ಯಾಕ್ಟರಿಗೆ ಹೋಗಿಬರುವ ಗಂಡ ಮುರಳಿಮೋಹನನಿಗೂ ಹೇಳಲಿಲ್ಲ. ಅಷ್ಟು ದಿನ ಮುಚ್ಚಿಟ್ಟ ಮೇಲೆ, ಮುಚ್ಚಿಟ್ಟದ್ದೇ ಇನ್ನೊಂದು ತಪ್ಪಾಗಿ ಕೂತಿತು.

ಇತ್ತ ತಾಯಂದಿರಿಬ್ಬರೂ ಮೊದಲ ವರ್ಷ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಬದುಕಿದರು. ವರ್ಷ ತುಂಬಿದಾಗ ಭಾರತಮ್ಮ ತಿಥಿ ನೋಡಿಸಿದಳು, ಶಹರ್ ಬಾನು ಮನೆಯಲ್ಲಿ ಚಂದ್ರನ ತಾರೀಕು ಹಿಡಿದು ಬರ್ಸಿ ಗೊತ್ತು ಮಾಡಿದರು. ಎರಡೂ ಒಂದೇ ದಿನ ಬಂದವು. ಇಬ್ಬರಿಗೂ ಅದು ದೇವರೇ ಕೂಡಿಸಿದ ಹಾಗೆ ಕಂಡಿತು. ಈ ಮನೆಯ ಎಡೆ ಆ ಮನೆಗೆ ಹೋಯಿತು, ಆ ಮನೆಯ ಫಾತಿಹಾದ ಸಿಹಿ ಅನ್ನ ಈ ಮನೆಗೆ ಬಂತು. ಇನ್ನು ಪ್ರತಿ ವರ್ಷ ಹೀಗೇ, ಎಂದು ಕೈ ಹಿಡಿದು ಹೇಳಿಕೊಂಡರು.

ಆದರೆ ಆ ವರ್ಷದ ಶ್ರಾವಣದಲ್ಲಿ ಅಧಿಕ ಮಾಸ ಬಂತು. ಭಾರತಮ್ಮನ ಪಂಚಾಂಗ ಒಂದು ತಿಂಗಳು ಹಿಂದೆ ಬಿತ್ತು. ಶಹರ್ ಬಾನುವಿನ ಪಂಚಾಂಗದಲ್ಲಿ ಅಧಿಕ ಮಾಸ ಎಂಬುದಿಲ್ಲ, ಅದು ತನ್ನ ಪಾಡಿಗೆ ನಡೆಯಿತು. ಎರಡನೇ ವರ್ಷ ಶಹರ್ ಬಾನು ಬರ್ಸಿಯ ಸಿಹಿ ಅನ್ನ ಹಿಡಿದು ಬಂದಾಗ, ಭಾರತಮ್ಮ ರೇಷ್ಮೆ ಸೀರೆ ಉಟ್ಟು, ಮಗಳು ಅನಿತಳ ಕೂಸಿನ ನಾಮಕರಣಕ್ಕೆ ಶ್ರೀನಿವಾಸಪುರಕ್ಕೆ ಹೊರಟು ನಿಂತಿದ್ದಳು. “ಇನ್ನೂ ಒಂದು ತಿಂಗಳಿದ್ಯಲ್ಲೇ ಬಾನು” ಅಂದಳು. ಶಹರ್ ಬಾನುವಿಗೆ ಕೇಳಿಸಿದ್ದು ಬೇರೆಯೇ: ಮಕ್ಕಳು ಸತ್ತ ದಿನವನ್ನೇ ಮರೆತು ಇವಳು ಸಿಂಗರಿಸಿಕೊಂಡು ಹೊರಟಿದ್ದಾಳೆ. ಒಂದು ತಿಂಗಳಾದ ಮೇಲೆ ಭಾರತಮ್ಮ ತಿಥಿಯ ಎಡೆ ಕಳಿಸಿದಳು. ಆಗ ರಂಜಾನಿನ ಉಪವಾಸ. ಶಹರ್ ಬಾನು ಬಟ್ಟಲು ಮುಟ್ಟಲಿಲ್ಲ, ಮನಸ್ಸೂ ಇರಲಿಲ್ಲ, ಹಾಗೇ ವಾಪಸು ಕಳಿಸಿದಳು. ನನ್ನ ಮಗನ ಎಡೆಯನ್ನು ತಿರುಗಿಸಿ ಕಳಿಸಿದಳಲ್ಲ ಎಂದು ಭಾರತಮ್ಮ ಆ ಬಟ್ಟಲನ್ನು ಹಿತ್ತಲಿಗೆ ಎಸೆದಳು. ಅಲ್ಲಿಗೆ ಮಾತು ನಿಂತಿತು. ಭಾರತಮ್ಮ ರವಿಕೆ ಹೊಲಿಸಲು ಮುಳಬಾಗಿಲಿಗೆ ಹೋಗತೊಡಗಿದಳು.

ಈ ಸಲ ಯುಗಾದಿಯ ಮಾರನೇ ದಿನ, ವರ್ಷತೊಡಕು. ಆ ಮಧ್ಯಾಹ್ನ ಭಾರತಮ್ಮ ಗ್ರಂಥಾಲಯದ ಬಾಗಿಲಲ್ಲಿ ಬಂದು ನಿಂತಳು. ನಾಲ್ಕು ವರ್ಷದಲ್ಲಿ ಅವಳು ಆ ಹೊಸಿಲು ತುಳಿದದ್ದೇ ಮೊದಲು. ಸುನಂದಳ ಕೈಯಲ್ಲಿದ್ದ ರಿಜಿಸ್ಟರು ಮೇಜಿನ ಮೇಲೆ ಬಿತ್ತು.

“ಒಂದ್ ಉಪಕಾರ ಆಗ್ಬೇಕು ಕಣಮ್ಮ” ಎಂದು ಭಾರತಮ್ಮ ಸೆರಗಿನ ಗಂಟಿನಿಂದ ಮಡಿಸಿದ ಕಾಗದ ತೆಗೆದಳು. ಗೋಪಿಯ ಮರಣ ಪತ್ರ. ತೀರಿಕೊಂಡ ಗಂಡನ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗೆ ಬೇಕೆಂದು ನಾಡಕಚೇರಿಯಲ್ಲಿ ಕೇಳಿದ್ದರಂತೆ. “ಅಲ್ಲಿ ಹುಡ್ಗಿ ತಾರೀಕು ಓದಿದ್ಳು. ಮಾರ್ಚ್ ಇಪ್ಪತ್ತೆರಡು ಅಂತ. ನಂಗೆ ತಿಥಿ ಗೊತ್ತು, ಈ ತಾರೀಕು ಯಾವತ್ತೂ ಗೊತ್ತಿರ್ಲಿಲ್ಲ. ಫರ್ಹಾದೂದೂ ಇದೇನಾ ಅಂದೆ. ಒಂದೇ ದಿನ ಸತ್ರೆ ಒಂದೇ ಇರುತ್ತಲ್ಲಜ್ಜಿ, ಇದು ಹಿಂದಕ್ಕೂ ಹೋಗಲ್ಲ ಮುಂದಕ್ಕೂ ಹೋಗಲ್ಲ ಅಂದ್ಳು.”

ಸುನಂದ ರಿಜಿಸ್ಟರನ್ನು ಮುಚ್ಚಿಟ್ಟಳು.

“ನನ್ ತಿಥಿ ಒಂದ್ ಕಡೆ, ಅವಳ ಬರ್ಸಿ ಒಂದ್ ಕಡೆ. ಇಬ್ರೂ ಒಟ್ಟಿಗೆ ಹೋದ್ರು, ನಾವು ಒಟ್ಟಿಗೆ ಅಳಕ್ಕೂ ಆಗ್ತಾ ಇಲ್ಲ. ಈ ತಾರೀಕೊಂದೇ ಇಬ್ರ ಮನೇಗೂ ಸೇರಿದ್ದು. ನೀನು ಬೋರ್ಡ್ ಮೇಲೆ ಆ ದಿನ ಏನೇನಾಯ್ತು ಅಂತ ಬರೀತೀಯಲ್ಲ, ನಮ್ ಮಕ್ಳದ್ದೂ ಒಂದ್ ಸಾಲು ಬರಿ. ಈದ್ ಮಾರನೇ ದಿನ ಬಾನು ತೌರಿಗೆ ಹೋಗ್ತಾಳೆ, ಒಂಬತ್ತರ ಬಸ್ಸಿಗೆ. ಭಾನುವಾರ. ಅವತ್ತೇ ಇಪ್ಪತ್ತೆರಡು. ಅವಳಿಗೆ ಓದಕ್ಕೆ ಬರುತ್ತೆ, ನೋಡ್ತಾಳೆ.”

“ಅಕ್ಕ, ಪುಸ್ತಕದಲ್ಲಿ ಬಂದಿದ್ದು ಬಿಟ್ಟು ನಾನು ಬೇರೆ…” ಎಂದು ಸುನಂದ ತನ್ನ ಹಳೆಯ ನಿಯಮವನ್ನು ಅಡ್ಡ ಹಿಡಿಯಲು ಹೋದಳು. ತನ್ನ ದನಿಯೇ ತನಗೆ ಅಸಹ್ಯವಾಗಿ, ಅರ್ಧಕ್ಕೆ ನಿಲ್ಲಿಸಿದಳು.

“ಬೇರೆ ಏನೂ ಬೇಡಮ್ಮ. ಹೆಂಗಾಯ್ತು ಅಂತ ಬೇಕಾದ್ರೆ ಬಿಟ್ಬಿಡು. ಈಜು ಬರ್ದೇ ಇದ್ರೂ ಆಟ ಆಡಕ್ಕೆ ಹೋದ ನನ್ ಮಗ. ಅವನೇ ಆ ಮಗೂನೂ ಕರ್ಕೊಂಡ್ ಹೋಗಿರ್ತಾನೆ. ನಂಗೆ ಗೊತ್ತು ಅವನ ಬುದ್ಧಿ.” ಭಾರತಮ್ಮ ಕಾಗದವನ್ನು ಮತ್ತೆ ಗಂಟು ಹಾಕಿಕೊಂಡಳು. “ಹೆಸರೊಂದು ಬರೆದ್ರೆ ಸಾಕು.”

ಅವಳು ಹೋದ ಮೇಲೆ ಸುನಂದ ಬಹಳ ಹೊತ್ತು ಕೂತಿದ್ದಳು. ಇದುವರೆಗೆ ತನ್ನ ಮೌನ ತನ್ನೊಬ್ಬಳನ್ನು ತಿನ್ನುತ್ತಿದೆ ಎಂದು ತಿಳಿದಿದ್ದಳು. ತಾನೇ ದೊಡ್ಡ ಸಂಕಟದವಳು ಎಂದುಕೊಂಡು ರಜೆ ಹಾಕುತ್ತಿದ್ದಳು. ಈಗ ನೋಡಿದರೆ, ಸತ್ತ ಹುಡುಗ ತಾಯಿಯ ಬಾಯಲ್ಲಿ ನಾಲ್ಕು ವರ್ಷದಿಂದ ತಪ್ಪಿತಸ್ಥ. ಹೆಸರು ಮಾತ್ರ ಬರೆದು ಸುಮ್ಮನಿರಬಹುದಿತ್ತು. ಭಾರತಮ್ಮ ಕೇಳಿದ್ದೂ ಅಷ್ಟೇ. ಹಾಗೆ ಬರೆದರೆ ಇಬ್ಬರು ತಾಯಂದಿರು ಕೂಡುತ್ತಾರೆ, ತಾನು ಪುಣ್ಯವಂತೆಯೂ ಆಗುತ್ತಾಳೆ. ಆ ಯೋಚನೆ ಬಂದದ್ದೇ ಅವಳು ಎದ್ದು ಗ್ರಂಥಾಲಯಕ್ಕೆ ಬೀಗ ಹಾಕಿದಳು. ಶನಿವಾರ ಈದ್, ಗ್ರಂಥಾಲಯಕ್ಕೆ ರಜೆ. ಮನೆಯಲ್ಲಿ ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಗಂಡನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಮುರಳಿಮೋಹನ ನೆಲ ನೋಡುತ್ತಾ ಕೇಳಿ, “ನಂಗಲ್ಲ ಹೇಳ್ಬೇಕಾಗಿದ್ದು” ಎಂದಷ್ಟೇ ಅಂದ.

ಭಾನುವಾರ ಎಂಟು ಗಂಟೆಗೆ ಸುನಂದ ಬಂದಾಗ ಭಾರತಮ್ಮ ಆಗಲೇ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಿದ್ದಳು. ತೊಳೆದ ಬಿಳಿ ಸೀರೆ, ಭುಜದಲ್ಲಿ ಜಾರುವ ಮುಳಬಾಗಿಲಿನ ರವಿಕೆ. ಸುನಂದ ಹಲಗೆ ಒರೆಸಿದಳು. ದೆಹಲಿ ಬರೆದಳು, ಪಂಚಾಂಗ ಬರೆದಳು, ಜಲ ದಿನ ಬರೆದಳು, ಕರ್ಫ್ಯೂ ಬರೆದಳು. ಆಮೇಲೆ ಸೀಮೆಸುಣ್ಣ ಎರಡು ಸಲ ಮುರಿಯಿತು. ಕೊನೆಯ ಸಾಲುಗಳನ್ನು ಬರೆದು ಮುಗಿಸಿ, ಕೈ ತೊಳೆಯದೆ ಬಾಗಿಲ ಬಳಿ ನಿಂತಳು.

“ಬರ್ದಾಯ್ತಾ? ಏನ್ ಬರ್ದೆ, ಓದಮ್ಮ” ಅಂದಳು ಭಾರತಮ್ಮ. ಸುನಂದ ರಸ್ತೆಯ ಕಡೆ ನೋಡಿದಳು. ಆವಲಪ್ಪ ಎಂದಿನಂತೆ ಕೋಲೂರಿಕೊಂಡು ಬಂದ. “ಏನ್ ಸುನಂದಮ್ಮ, ಇವತ್ತು ಯಾರು ಹುಟ್ಟಿದ್ರು…” ಎಂದು ಶುರು ಮಾಡಿದವನ ಕಣ್ಣು ಬೋರ್ಡಿನ ಮೇಲೆ ಹರಿಯಿತು. ಮಾತು ಅಲ್ಲಿಗೇ ಬಿಟ್ಟು, ತಲೆಗೆ ಸುತ್ತಿದ್ದ ಟವಲ್ಲು ತೆಗೆದು, ದೂರ ಹೋಗಿ ಕೂತ. “ಇವನ್ಯಾಕೆ ಹಿಂಗೆ?” ಎಂದು ಭಾರತಮ್ಮ ಒಮ್ಮೆ ಅವನ ಕಡೆ, ಒಮ್ಮೆ ಸುನಂದಳ ಕಡೆ ನೋಡಿದಳು.

ಅಷ್ಟರಲ್ಲಿ ಶಹರ್ ಬಾನು ಬಂದಳು. ಹೊಸ ಬುರ್ಖಾ, ಕೈಯಲ್ಲಿ ತೌರಿಗೆ ಒಯ್ಯುವ ಬ್ಯಾಗು. ಭಾರತಮ್ಮನನ್ನು ಕಂಡು ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಬೋರ್ಡಿತ್ತು. ಮಗನ ಹೆಸರು ಕಣ್ಣಿಗೆ ಬಿದ್ದ ಕೂಡಲೇ ಬ್ಯಾಗು ಕೆಳಗಿಟ್ಟಳು.

“ಬಾನು” ಅಂದಳು ಭಾರತಮ್ಮ, ಎರಡು ವರ್ಷದ ಮೇಲೆ. “ನಾನೇ ಬರಿ ಅಂದಿದ್ದು. ಏನ್ ಬರ್ದವ್ಳೆ, ನಂಗೂ ಓದಿ ಹೇಳೇ.”

ಶಹರ್ ಬಾನು ಶಾಲೆಯಲ್ಲಿ ಪಾಠ ಒಪ್ಪಿಸುವಾಗಿನ ಅದೇ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಓದಿದಳು. “2022. ನಮ್ಮೂರ ಕೆರೆಯಲ್ಲಿ ಗೋಪಿ ಮತ್ತು ಫರ್ಹಾದ್ ತೀರಿಕೊಂಡರು. ಅವರು ಆಟಕ್ಕಾಗಲಿ ಈಜಿಗಾಗಲಿ ಹೋಗಿರಲಿಲ್ಲ. ಜಲ ದಿನಕ್ಕೆ ಕೆರೆಯ ಫೋಟೋ ತರಲು ಅವರನ್ನು ಕಳಿಸಿದವಳು ನಾನು. ಇನ್ನೂ ಹತ್ತಿರದಿಂದ ತೆಗೆಯಿರಿ ಎಂದವಳೂ ನಾನು. ಇದನ್ನು ನಾಲ್ಕು ವರ್ಷ ಮುಚ್ಚಿಟ್ಟೆ. ಸುನಂದ.”

ಹೆಸರು ಓದಿದ ಮೇಲೂ ಅವಳು ಮತ್ತೇನಾದರೂ ಇದೆಯೇನೋ ಎಂಬಂತೆ ಹಲಗೆಯ ಕೆಳಗಿನ ಖಾಲಿ ಜಾಗವನ್ನು ನೋಡುತ್ತಲೇ ಇದ್ದಳು.

ಭಾರತಮ್ಮ ಎದ್ದು ಬಂದಳು. ಸುನಂದ ಏಟಿಗೆ ಸಿದ್ಧವಾಗಿ ನಿಂತಿದ್ದಳು, ಏಟು ಬಿದ್ದಿದ್ದರೆ ಒಳ್ಳೆಯದಿತ್ತು. ಭಾರತಮ್ಮ ಅವಳೆದುರು ನಿಂತು ಉಸಿರೆಳೆದುಕೊಂಡಳು. “ನಾಲ್ಕು ವರ್ಷ ನನ್ ಮಗನ್ನ ಬೈಕೊಂಡು ಬದುಕಿದೀನಿ ಕಣಮ್ಮ. ಎಡೆ ಇಡೋವಾಗ್ಲೂ ಬೈದಿದೀನಿ. ಯಾಕೋ ಹೋದೆ ಪಾಪಿ, ಅಂತ.”

“ನಮ್ಮನೆಯೋರು ನಮಾಜ್ ಆದ್ಮೇಲೆ ದಿನಾ ದುವಾ ಮಾಡ್ತಾರೆ” ಎಂದಳು ಶಹರ್ ಬಾನು. ದನಿ ನಡುಗಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. “ಮಾತು ಕೇಳ್ದಿರೋ ಮಗ, ಮಾಫ್ ಮಾಡು ಅಂತ. ನನ್ ಮಗ ಮಾತು ಕೇಳೇ ಹೋಗಿದ್ದ ಸುನಂದ. ನಿನ್ ಮಾತು.”

ಸುನಂದ ಕ್ಷಮಿಸಿ ಅನ್ನಲಿಲ್ಲ. ಅಷ್ಟು ಚಿಕ್ಕ ಪದವನ್ನು ಅವರ ಮುಂದೆ ಇಡಲು ನಾಚಿಕೆಯಾಯಿತು.

“ಆ ಫೋಟೋ” ಎಂದಳು ಶಹರ್ ಬಾನು. “ಮೊದ್ಲು ಕಳಿಸಿದ್ದು. ಇದ್ಯಾ?”

ಇತ್ತು. ಸುನಂದ ಫೋನು ಬದಲಾಯಿಸಿದಾಗಲೂ ಅದನ್ನು ಅಳಿಸಲಾರದೆ ಹೊಸದಕ್ಕೆ ಹಾಕಿಸಿಕೊಂಡಿದ್ದಳು. ತೆಗೆದು ಕೊಟ್ಟಳು. ಏರಿ, ಅದರಾಚೆ ಒಣಹುಲ್ಲು, ದೂರದಲ್ಲಿ ಬೆಳ್ಳನೆಯ ನೀರು. ಬೆಳಗಿನ ಬಿಸಿಲು ಬೆನ್ನಿಗಿದ್ದುದರಿಂದ ತೆಗೆದವರ ನೆರಳು ಏರಿಯ ಇಳಿಜಾರಿನಲ್ಲಿ ಉದ್ದಕ್ಕೆ ಬಿದ್ದಿತ್ತು. ಎರಡು ನೆರಳು. ಒಂದರ ಕೈ ಇನ್ನೊಂದರ ಹೆಗಲ ಮೇಲೆ.

ಭಾರತಮ್ಮನಿಗೆ ಅಳು ಬಂದರೆ ಬಾಯಿಗೆ ತೆಲುಗು ಬರುತ್ತದೆ. “ನಾ ಬಿಡ್ಡ, ನಾ ಬಿಡ್ಡ” ಎಂದು ಮಗನನ್ನು ಕರೆಯುತ್ತಾ ಫೋನಿನ ಗಾಜಿನ ಮೇಲೆ ಬೆರಳಿಟ್ಟಳು. ಬೆರಳು ತಾಕಿ ಚಿತ್ರ ಜರುಗಿ ಹೋಯಿತು. ಶಹರ್ ಬಾನು ಅದನ್ನು ಮತ್ತೆ ತಂದಳು, ದೊಡ್ಡದು ಮಾಡಿದಳು. ಇಬ್ಬರ ತಲೆಗಳೂ ಫೋನಿನ ಮೇಲೆ ಬಗ್ಗಿದವು.

“ಇದು ಗೋಪಿ, ಉದ್ದ ಇರೋದು.”

“ಇಲ್ಲಕ್ಕ, ಉದ್ದ ನಮ್ಮೋನು. ಗೋಪಿ ಈ ಕಡೆ, ಹೆಗಲ ಮೇಲೆ ಕೈ ಹಾಕಿರೋದು.”

“ಅವನು ಎಡಗಡೆ ನಡೀತಿದ್ದ ಕಣೇ ಯಾವಾಗ್ಲೂ.”

“ಫರ್ಹಾದೂ ಎಡಗಡೆನೇ.”

ಹೆತ್ತ ತಾಯಂದಿರಿಗೂ ಯಾವ ನೆರಳು ಯಾರದೆಂದು ಗೊತ್ತಾಗಲಿಲ್ಲ. ಶಹರ್ ಬಾನು ನಿಂತಲ್ಲೇ ಬಿಕ್ಕಿದಳು, ಭಾರತಮ್ಮ ಅವಳ ತಲೆಯನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡಳು. ಒಂಬತ್ತರ ಬಸ್ಸು ಒಂಬತ್ತೂವರೆಗೆ ಬಂತು. ಆವಲಪ್ಪ ಕೈಯೆತ್ತಿ ಹೋಗು ಎಂದು ಡ್ರೈವರಿಗೆ ಸನ್ನೆ ಮಾಡಿದ. ಬಸ್ಸು ಹೋಯಿತು.

ಬಹಳ ಹೊತ್ತಿನ ಮೇಲೆ ಶಹರ್ ಬಾನು ಮುಖ ಒರೆಸಿಕೊಂಡಳು. ಭಾರತಮ್ಮನ ಜಾರಿದ ರವಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಭುಜಕ್ಕೆ ಎತ್ತಿ ಕೂರಿಸಿ, “ಯಾರಕ್ಕ ಇದನ್ನ ಹೊಲ್ದಿದ್ದು?” ಎಂದಳು. ಉತ್ತರಕ್ಕೆ ಕಾಯಲಿಲ್ಲ. ಇಬ್ಬರೂ ಕೆರೆಯ ಕಡೆ ಹೊರಟರು. ಫೋನು ಭಾರತಮ್ಮನ ಕೈಯಲ್ಲೇ ಇತ್ತು, ಅದನ್ನು ವಾಪಸು ಕೇಳುವ ಧೈರ್ಯ ಸುನಂದಳಿಗಿರಲಿಲ್ಲ.

ನಾಲ್ಕು ಹೆಜ್ಜೆ ಹೋಗಿ ಭಾರತಮ್ಮ ನಿಂತಳು. ಸುನಂದಳ ಮುಖ ನೋಡಲಿಲ್ಲ, ತನಗೆ ಓದಲು ಬಾರದ ಆ ಹಲಗೆಯನ್ನು ನೋಡಿದಳು.

“ಮುಂದಿನ ವರ್ಷ ರಜೆ ಹಾಕ್ಬೇಡ” ಅಂದಳು. “ಇದನ್ನ ಇಷ್ಟೂ ಬರಿ. ನಿನ್ ಹೆಸರೂ ಸೇರಿಸಿ ಬರಿ.”